ಘಟ್ಟ ಹತ್ತಿದ ಒಕ್ಕಲು ಹಿರಿಯರ ಹೆಸರು ಹುಡುಕುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರ ತಾಲೂಕುಗಳ ಅನೇಕ ಕೊಂಕಣಿ ಕ್ರೈಸ್ತ ಕುಟುಂಬಗಳ ಮೂಲ ಕರಾವಳಿಯಲ್ಲಿದೆ. ಗದ್ದೆ, ಅಡಿಕೆ ತೋಟದ ಕೆಲಸ ಅರಸಿ ಘಟ್ಟ ಹತ್ತಿದ ಮುತ್ತಜ್ಜ ಯಾವ ಊರಿನವರು ಎಂದು ಮಕ್ಕಳು ಕೇಳಿದರೆ ನಮ್ಮಲ್ಲಿ ಬಹುಮಂದಿಗೆ ಉತ್ತರ ತಿಳಿದಿರುವುದಿಲ್ಲ. ಹೆಸರು ಸಿಗುವ ದಾರಿಗಳನ್ನು ಇಲ್ಲಿ ನೋಡೋಣ.

ಮನೆಯಿಂದ ಆರಂಭಿಸಿ

ಹಿರಿಯರಿರುವಾಗಲೇ ಕೇಳಿ ಬರೆದಿಡಿ. ಮನೆತನದ ಹೆಸರು, ಕರೆಯುವ ಹೆಸರು, ಹೆಣ್ಣು ತಂದ ಊರು, ಹಬ್ಬಕ್ಕೆ ಹೋಗುತ್ತಿದ್ದ ಇಗರ್ಜಿ ಮುಖ್ಯ. ಗೊತ್ತಿರುವವರಿಂದ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಬೇಕು.

ಇಗರ್ಜಿಯ ಪುಸ್ತಕ

ದೀಕ್ಷಾಸ್ನಾನದ ದಾಖಲೆಯಲ್ಲಿ ಮಗು, ತಂದೆತಾಯಿ, ಜ್ಞಾನ ತಂದೆತಾಯಿಯರ ಹೆಸರುಗಳಿರುತ್ತವೆ. ಜ್ಞಾನ ತಂದೆತಾಯಿಯರು ಹೆಚ್ಚಾಗಿ ಹತ್ತಿರದ ನೆಂಟರೇ ಆದ್ದರಿಂದ ಅವರ ಹೆಸರನ್ನೂ ಬರೆದುಕೊಳ್ಳಿ. ಹಳೆಯ ಬರಹ ಲ್ಯಾಟಿನ್‌ನಲ್ಲಿದ್ದರೆ ಮನೆಯ ಜುವಾಂವ್ ಅಲ್ಲಿ ಜೊವಾನ್ನೆಸ್ ಆಗಿರುತ್ತಾರೆ. ದೀಕ್ಷಾಸ್ನಾನದ ಪುಸ್ತಕದಲ್ಲಿ ಮದುವೆಯನ್ನೂ ನಮೂದಿಸಬೇಕೆಂಬ ನಿಯಮ 1908ರಲ್ಲಿ ಜಾರಿಗೆ ಬಂತು. ಅದಕ್ಕೂ ಹಿಂದಿನವರ ಮದುವೆಯನ್ನು ಮದುವೆ ಪುಸ್ತಕದಲ್ಲೇ, ಸಾಮಾನ್ಯವಾಗಿ ಹೆಣ್ಣಿನ ಊರಿನಲ್ಲಿ, ಹುಡುಕಬೇಕು.

ಜಮೀನಿನ ಕಾಗದ

ಮೈಸೂರು ಸಂಸ್ಥಾನದಲ್ಲಿ ಸರ್ವೆ ಇಲಾಖೆ ಆರಂಭವಾದದ್ದು 1863ರಲ್ಲಿ. ಹಳೆಯ ಕಾಗದಗಳಲ್ಲಿ 'ಬಿನ್' ಎಂದರೆ ಇಂಥವರ ಮಗ, 'ಕೋಂ' ಎಂದರೆ ಇಂಥವರ ಹೆಂಡತಿ. ಆದರೆ ಖಾತೆ ಇರುವುದು ಒಡೆಯರ ಹೆಸರಿನಲ್ಲಿ. ಗೇಣಿಗೆ ಗೇಯ್ದವನ ಹೆಸರು ಅಲ್ಲಿ ಇಲ್ಲವೆಂದು ಅವನು ಇರಲೇ ಇಲ್ಲ ಎಂದು ತಿಳಿಯಬಾರದು. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹ ಗೇಣಿದಾರರದೇ ಹೋರಾಟ. 1974ರ ಭೂಸುಧಾರಣೆಯ ನಂತರ ಭೂ ನ್ಯಾಯಮಂಡಳಿಗೆ ಗೇಣಿದಾರರು ಸಲ್ಲಿಸಿದ ನಮೂನೆ 7ರ ಅರ್ಜಿ, ಹೇಳಿಕೆಗಳಲ್ಲಿ ಅಪ್ಪ, ಅಜ್ಜನ ಕಾಲದ ಸಾಗುವಳಿಯ ಮಾತು ಬರುವುದುಂಟು. ತಾಲೂಕು ಕಚೇರಿಯ ದಾಖಲೆ ಕೊಠಡಿಯಲ್ಲಿ ಸರ್ವೆ ನಂಬರು ಕೊಟ್ಟು ವಿಚಾರಿಸಿ.

ಗಡಿ ಬದಲಾದದ್ದನ್ನು ಮರೆಯಬೇಡಿ

1956ರವರೆಗೆ ಆಗುಂಬೆ ಘಟ್ಟದ ಮೇಲೆ ಮೈಸೂರು, ಕೆಳಗೆ ಮದ್ರಾಸಿನ ಆಡಳಿತ. ಹೀಗಾಗಿ ಒಂದೇ ಕುಟುಂಬದ ಕಾಗದಗಳು ಎರಡು ಕಡೆ ಹಂಚಿಹೋಗಿರುತ್ತವೆ. ಧರ್ಮಪ್ರಾಂತ್ಯಗಳೂ ಬದಲಾಗಿವೆ. ಶಿವಮೊಗ್ಗ ಪ್ರದೇಶ ಮೈಸೂರಿನಿಂದ 1963ರಲ್ಲಿ ಚಿಕ್ಕಮಗಳೂರಿಗೆ ಸೇರಿತು, 1988ರಲ್ಲಿ ತಾನೇ ಧರ್ಮಪ್ರಾಂತ್ಯವಾಯಿತು. ಕೆಳಗೆ 2012ರಲ್ಲಿ ಮಂಗಳೂರಿನಿಂದ ಉಡುಪಿ ಬೇರೆಯಾಯಿತು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ಣಗೊಂಡಾಗ ಸಾಗರ, ಹೊಸನಗರದ ಹಲವು ಹಳ್ಳಿಗಳು ಮುಳುಗಿದವು. ಆದ್ದರಿಂದ ಮನೆಯವರು ಹೇಳುವ ಊರು ಇಂದಿನ ನಕ್ಷೆಯಲ್ಲಿ ಇಲ್ಲದಿರಬಹುದು.

ನಮ್ಮ ಜವಾಬ್ದಾರಿ

ಮಲೆನಾಡಿನ ಮಳೆ, ಗೆದ್ದಲು, ಬೂಷ್ಟು ಹಳೆಯ ಪುಸ್ತಕಗಳ ಶತ್ರುಗಳು. ಪುಸ್ತಕ ನೋಡಬೇಕೆಂದರೆ ಮೊದಲೇ ಧರ್ಮಗುರುಗಳ ಅನುಮತಿ ಪಡೆದು, ತಿಳಿದ ಹೆಸರು, ಅಂದಾಜು ವರ್ಷ ಬರೆದುಕೊಂಡು ಹೋಗಿ. ಹಾಳೆಗೆ ಅಂಟು ಹಚ್ಚುವುದು, ಪೆನ್ನಿನಿಂದ ಗುರುತು ಮಾಡುವುದು ಬೇಡ. ಧರ್ಮಕೇಂದ್ರದ ಯುವಜನರು ಗುರುಗಳ ಒಪ್ಪಿಗೆಯಿಂದ ಪುಟಗಳ ಫೋಟೋ ತೆಗೆದು ಎರಡು ಕಡೆ ಇಟ್ಟರೆ ದೊಡ್ಡ ಉಪಕಾರ. ಖಾತೆಯಲ್ಲಿ ಹೆಸರಿಲ್ಲದ ಒಕ್ಕಲಿಗೆ ಇಗರ್ಜಿಯ ಆ ಒಂದು ಸಾಲೇ ಉಳಿದಿರುವ ಏಕೈಕ ಗುರುತಾಗಿರಬಹುದು. ಅದನ್ನು ಕಾಪಾಡುವುದು ನಮ್ಮೆಲ್ಲರ ಕರ್ತವ್ಯ.