ಮೈಕೈ ನೋವಿಗೊಂದು ಹೆಸರು

ಗಾಯವಾದರೆ ರಕ್ತ ಕಾಣಿಸುತ್ತದೆ. ಜ್ವರ ಬಂದರೆ ಮೈ ಮುಟ್ಟಿದವರ ಕೈಗೆ ಬಿಸಿ ತಾಗುತ್ತದೆ. ಮೂಳೆ ಮುರಿದರೆ ಕ್ಷ-ಕಿರಣದ ಚಿತ್ರದಲ್ಲಿ ಬಿರುಕು ಮೂಡುತ್ತದೆ. ಇವಕ್ಕೆಲ್ಲ ಹೊರಗಿನ ಸಾಕ್ಷಿಯುಂಟು. ಮೈಯೆಲ್ಲ ನೋಯುತ್ತದೆ ಎಂಬ ಮಾತಿಗೆ ಮಾತ್ರ ಹೇಳುವವರ ಬಾಯೊಂದೇ ಸಾಕ್ಷಿ. ಬಾವಿಲ್ಲ, ಗಾಯವಿಲ್ಲ, ರಕ್ತಪರೀಕ್ಷೆಯಲ್ಲಿ ದೋಷವಿಲ್ಲ. ಆದರೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ಕತ್ತು, ಭುಜ, ಸೊಂಟ, ತೊಡೆಗಳು ಸರದಿಯ ಮೇಲೆ ನೋಯುತ್ತವೆ. ಎಂಟು ಗಂಟೆ ಮಲಗಿ ಎದ್ದರೂ ನಿದ್ದೆ ಮಾಡಿದಂತಿರುವುದಿಲ್ಲ. ನಾಲಗೆಯ ತುದಿಗೆ ಬಂದ ಮಾತು ಅಲ್ಲಿಯೇ ನಿಂತುಬಿಡುತ್ತದೆ. ಈ ಲಕ್ಷಣಗಳ ಕೂಟಕ್ಕೆ ವೈದ್ಯರು ಈಗ ಫೈಬ್ರೋಮಯಾಲ್ಜಿಯ ಎನ್ನುತ್ತಾರೆ. ನಾನು ವೈದ್ಯಶಾಸ್ತ್ರ ಓದಿದವನಲ್ಲ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನು. ಆದರೆ ಕೆಲವು ವರ್ಷಗಳಿಂದ ನನ್ನ ಔಷಧದ ಚೀಟಿಯ ಮೇಲೂ ಈ ಹೆಸರಿದೆ. ಶಬ್ದದ ಬೆನ್ನು ಹತ್ತುವುದು ಕಸುಬಾದುದರಿಂದ ಈ ಶಬ್ದದ ಹುಟ್ಟನ್ನೂ ಹುಡುಕಿ ನೋಡಿದೆ. ಆಗ ಕಂಡುದು ಒಂದು ಪದದ ಚರಿತ್ರೆಯಷ್ಟೇ ಅಲ್ಲ. ನೋವುಣ್ಣುವವರ ಮಾತನ್ನು ನಂಬುವುದಕ್ಕೆ ಲೋಕ ಎಷ್ಟು ಕಾಲ ತೆಗೆದುಕೊಂಡಿತು ಎಂಬುದರ ಲೆಕ್ಕ.

ಹೆಸರು ಹೊಸದು, ನೋವು ಹಳೆಯದು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಮೂಲಿಕೆಗಳನ್ನು ಅವು ಮಾಡುವ ಕೆಲಸಕ್ಕೆ ತಕ್ಕಂತೆ 50 ಗುಂಪುಗಳಾಗಿ ವಿಂಗಡಿಸಿದೆ. ಅದರಲ್ಲಿ ಶೂಲೆಯನ್ನು ಶಮನ ಮಾಡುವ ಗುಂಪು ಒಂದು. ಅಂಗಮರ್ದವನ್ನು ಶಮನ ಮಾಡುವ ಗುಂಪು ಬೇರೆಯೇ ಒಂದು. ಶೂಲೆಯೆಂದರೆ ತಿವಿಯುವ ನೋವು. ಅಂಗಮರ್ದವೆಂದರೆ ಮೈಯನ್ನು ಹಿಸುಕಿ ಹಿಂಡಿದಂತಹ ನೋವು. ಎರಡನ್ನೂ ಒಂದೇ ಬುಟ್ಟಿಗೆ ಹಾಕದಷ್ಟು ವಿವೇಕ ಅಂದಿನವರಿಗಿತ್ತು. ಕನ್ನಡವೂ ಈ ವಿಷಯದಲ್ಲಿ ಬಡವಲ್ಲ. ಸೆಳೆತ, ಉಳುಕು, ಸಿಡಿತ, ಹಿಂಡಿದ ಹಾಗೆ, ಚುಚ್ಚಿದ ಹಾಗೆ ಎಂದು ನಾವು ನೋವಿನ ಬಗೆಗಳನ್ನು ಬಿಡಿಸಿ ಹೇಳುತ್ತೇವೆ. ಎಲ್ಲಿಯೆಂದು ಬೆರಳಿಟ್ಟು ತೋರಿಸಲಾಗದ್ದಕ್ಕೆ ‘ಮೈಕೈ ನೋವು’ ಎನ್ನುತ್ತೇವೆ. ಮನೆಯ ಹಿರಿಯರು ಅದಕ್ಕೆ ವಾಯುವಿನ ಕಾರಣ ಕೊಡುತ್ತಿದ್ದರು. ಯೂರೋಪಿನವರು ದ್ರವದ ಕಾರಣ ಕೊಟ್ಟರು. ದೇಹದಲ್ಲಿ ಕೆಟ್ಟ ದ್ರವ ಹರಿದು ನೋವಾಗುತ್ತದೆಂದು ಬಗೆದು, ‘ಹರಿವು’ ಎಂಬ ಅರ್ಥದ ಗ್ರೀಕ್ ಶಬ್ದದಿಂದ ರ್‍ಯುಮಟಿಸಂ ಎಂಬ ಪದವನ್ನು ಮಾಡಿಕೊಂಡರು. ಪ್ಯಾರಿಸಿನ ವೈದ್ಯ ಗಿಯೋಮ್ ದ ಬಾಯು ಈ ಪದವನ್ನು ಮೈಯ ನೋವುಗಳಿಗೆ ಬಳಸಿ ಬರೆದ ಗ್ರಂಥ ಅವನು ತೀರಿಕೊಂಡ ಮೇಲೆ, 1642ರಲ್ಲಿ, ಅಚ್ಚಾಯಿತು.

ಈಗಿನ ಹೆಸರಿನ ಕಥೆ ಲಂಡನ್ನಿನಲ್ಲಿ ಮೊದಲಾಗುತ್ತದೆ. 1904ರಲ್ಲಿ ನರರೋಗತಜ್ಞ ಸರ್ ವಿಲಿಯಂ ಗೋವರ್ಸ್ ಸೊಂಟನೋವನ್ನು ಕುರಿತು ಒಂದು ಉಪನ್ಯಾಸ ಕೊಟ್ಟನು. ಮಾಂಸಖಂಡಗಳ ನಡುವಣ ನಾರಿನ ಪದರದಲ್ಲಿ ಉರಿಯೂತವಿರಬೇಕೆಂದು ಊಹಿಸಿ ಅದಕ್ಕೆ ‘ಫೈಬ್ರೊಸೈಟಿಸ್’ ಎಂಬ ಹೆಸರಿಟ್ಟನು. ‘ಫೈಬ್ರ’ ಎಂದರೆ ನಾರು. ‘ಐಟಿಸ್’ ಎಂಬುದು ಉರಿಯೂತವನ್ನು ಸೂಚಿಸುವ ಪ್ರತ್ಯಯ. ಅದೇ ವರ್ಷ ಗ್ಲಾಸ್ಗೋವಿನ ರಾಲ್ಫ್ ಸ್ಟಾಕ್‌ಮನ್, ರೋಗಿಗಳ ಮೈಯಿಂದ ತೆಗೆದ ತುಣುಕುಗಳಲ್ಲಿ ಉರಿಯೂತದ ಗುರುತುಗಳಿವೆಯೆಂದು ಪ್ರಕಟಿಸಿದನು. ಹೆಸರೂ ಸಿಕ್ಕಿತು, ಸಾಕ್ಷಿಯೂ ಸಿಕ್ಕಿತು ಎಂದು ವೈದ್ಯಲೋಕ ನೆಮ್ಮದಿಯಾಯಿತು. ಆದರೆ ಮುಂದಿನ ದಶಕಗಳಲ್ಲಿ ಇತರರು ಸೂಕ್ಷ್ಮದರ್ಶಕದಲ್ಲಿ ಎಷ್ಟು ನೋಡಿದರೂ ಆ ಉರಿಯೂತ ಕಾಣಲಿಲ್ಲ.

ಇಲ್ಲಿ ಚರಿತ್ರೆ ಒಂದು ಕೆಟ್ಟ ತಿರುವು ತೆಗೆದುಕೊಂಡಿತು. ಮಾಂಸದಲ್ಲಿ ಏನೂ ಕಾಣದಿದ್ದರೆ ಮನಸ್ಸಿನಲ್ಲಿರಬೇಕು ಎಂಬ ವಾದ ಹುಟ್ಟಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನಿಕರನ್ನು ಪರೀಕ್ಷಿಸಿದ ಕೆಲವು ಅಮೆರಿಕನ್ ವೈದ್ಯರು ಇಂತಹ ನೋವಿಗೆ ‘ಮನೋಜನ್ಯ ರ್‍ಯುಮಟಿಸಂ’ ಎಂಬ ಹೆಸರನ್ನು ಚಲಾವಣೆಗೆ ತಂದರು. ಮನಸ್ಸಿಗೂ ನೋವಿಗೂ ನಂಟಿಲ್ಲವೆಂದು ಯಾರೂ ಹೇಳುವುದಿಲ್ಲ. ಆದರೆ ‘ಮನಸ್ಸಿನದು’ ಎಂಬ ಮಾತು ಆಸ್ಪತ್ರೆಯ ಬಾಗಿಲು ದಾಟಿ ಮನೆಗೆ ಬರುವ ಹೊತ್ತಿಗೆ ‘ಸುಳ್ಳು’ ಎಂಬ ಅರ್ಥ ತಾಳಿರುತ್ತದೆ. ನನ್ನ ಭುಜದ ನೋವು ಬೆನ್ನಿಗಿಳಿದು ಕಾಲು ಹಿಡಿದ ದಿನಗಳಲ್ಲಿ, ಪರೀಕ್ಷೆಯ ಕಾಗದಗಳನ್ನೆಲ್ಲ ತಿರುವಿಹಾಕಿದ ವೈದ್ಯರೊಬ್ಬರು, “ಏನೂ ಇಲ್ಲ ಮೇಷ್ಟ್ರೇ, ಎಲ್ಲ ಸರಿಯಾಗಿದೆ. ಮನಸ್ಸು ಸ್ವಲ್ಪ ಗಟ್ಟಿ ಮಾಡಿಕೊಳ್ಳಿ” ಎಂದರು. ರೋಗವಿಲ್ಲವೆಂದರೆ ಸಂತೋಷಪಡಬೇಕಾದದ್ದು ನ್ಯಾಯ. ಆದರೆ ಅಂದು ಮೆಟ್ಟಿಲಿಳಿಯುವಾಗ ನೋಯುತ್ತಿದ್ದ ಮೊಣಕಾಲಿಗೆ ಆ ನ್ಯಾಯ ತಿಳಿಯಲಿಲ್ಲ. ಎಪ್ಪತ್ತು ಎಂಬತ್ತು ವರ್ಷಗಳ ಹಿಂದಿನ ಒಂದು ವಾದ ಇನ್ನೂ ಹೇಗೆ ಉಸಿರಾಡುತ್ತಿದೆಯೆಂಬುದು ಆಮೇಲೆ ಈ ಚರಿತ್ರೆಯನ್ನು ಓದುವಾಗ ನನಗೆ ಅರ್ಥವಾಯಿತು.

ತಿರುವು ಬಂದುದು 1970ರ ದಶಕದಲ್ಲಿ, ಕೆನಡದ ಟೊರಾಂಟೊ ನಗರದಿಂದ. ಹ್ಯೂ ಸ್ಮೈತ್ ಎಂಬ ವೈದ್ಯರು, ಈ ರೋಗಿಗಳ ಮೈಯಲ್ಲಿ ಒತ್ತಿದರೆ ವಿಪರೀತ ನೋಯುವ ಜಾಗಗಳು ಹೆಚ್ಚುಕಡಮೆ ಒಂದೇ ಆಗಿರುತ್ತವೆ ಎಂಬುದನ್ನು ಗುರುತಿಸಿದರು. 1975ರಲ್ಲಿ ಹಾರ್ವಿ ಮೊಲ್ಡೋಫ್‌ಸ್ಕಿ ಮತ್ತು ಸ್ಮೈತ್ ಸಂಗಡಿಗರೊಡನೆ ನಿದ್ದೆಯ ಪರೀಕ್ಷೆ ನಡೆಸಿದರು. ರೋಗಿಗಳ ಗಾಢನಿದ್ರೆಯ ನಡುವೆ ಎಚ್ಚರದ ಅಲೆಗಳು ನುಗ್ಗುತ್ತಿದ್ದುದು ಕಂಡುಬಂತು. ಅಷ್ಟಕ್ಕೇ ಬಿಡದೆ, ಆರೋಗ್ಯವಂತರನ್ನು ಮಲಗಿಸಿ, ಗಾಢನಿದ್ರೆ ಹತ್ತಿದಾಗಲೆಲ್ಲ ಸದ್ದು ಮಾಡಿ ಕೆಡಿಸಿದರು. ಕೆಲವೇ ರಾತ್ರಿಗಳಲ್ಲಿ ಅವರಿಗೂ ಮೈಕೈ ನೋವು ಹತ್ತಿತು! ಸರಿಯಾಗಿ ನಿದ್ದೆ ಬರುವುದಿಲ್ಲ ಎಂದು ರೋಗಿಗಳು ಹೇಳುತ್ತ ಬಂದ ಮಾತಿಗೆ ಕೊನೆಗೂ ಬೆಲೆ ಬಂದಿತು. ಮರುವರ್ಷ, 1976ರಲ್ಲಿ, ಅಮೆರಿಕದ ಕಾಲರ್ ಹೆಂಚ್ ಹಳೆಯ ಹೆಸರಿನ ಬದಲಿಗೆ ‘ಫೈಬ್ರೋಮಯಾಲ್ಜಿಯ’ ಎಂಬುದನ್ನು ಬಳಕೆಗೆ ತಂದರು. ‘ಮಯೊ’ ಎಂದರೆ ಸ್ನಾಯು, ‘ಆಲ್ಜಿಯ’ ಎಂದರೆ ನೋವು. ಎರಡೂ ಗ್ರೀಕ್ ಮೂಲದವು. ‘ಐಟಿಸ್’ ಹೋಗಿ ‘ಆಲ್ಜಿಯ’ ಬಂದಿತು. ವ್ಯಾಕರಣದ ದೃಷ್ಟಿಯಿಂದ ಸಣ್ಣ ಬದಲಾವಣೆ. ಅದರ ಒಳಗಿನ ಅರ್ಥ ಮಾತ್ರ ದೊಡ್ಡದು: ಉರಿಯೂತವಿದೆ ಎಂಬ ವೈದ್ಯರ ಊಹೆ ಬಿದ್ದುಹೋಯಿತು, ನೋವಿದೆ ಎಂಬ ರೋಗಿಯ ಮಾತು ನಿಂತಿತು. ಇದಕ್ಕೆ ಹಿಡಿದ ಕಾಲ 72 ವರ್ಷ.

ಅಲ್ಲಿಂದ ಮುಂದೆ ಹೆಜ್ಜೆ ಬೇಗ ಬೇಗ ಬಿದ್ದಿತು. 1981ರಲ್ಲಿ ಅಮೆರಿಕದಲ್ಲಿ ಮುಹಮ್ಮದ್ ಯೂನಸ್ ಎಂಬ ವೈದ್ಯರು (ನೊಬೆಲ್ ಬಹುಮಾನ ಪಡೆದ ಅರ್ಥಶಾಸ್ತ್ರಜ್ಞರಲ್ಲ, ಅದೇ ಹೆಸರಿನ ಬೇರೊಬ್ಬರು) 50 ರೋಗಿಗಳನ್ನು ಆರೋಗ್ಯವಂತರೊಡನೆ ಹೋಲಿಸಿ ಲಕ್ಷಣಗಳನ್ನು ಕ್ರಮವಾಗಿ ದಾಖಲಿಸಿದರು. 1990ರಲ್ಲಿ ಅಮೆರಿಕದ ಸಂಧಿವಾತ ವೈದ್ಯರ ಸಂಸ್ಥೆ ಒಂದು ಅಳತೆಗೋಲನ್ನು ಪ್ರಕಟಿಸಿತು: ಮೈಯಲ್ಲಿ ಗೊತ್ತುಮಾಡಿದ 18 ಜಾಗಗಳನ್ನು ಸುಮಾರು 4 ಕಿಲೋಗ್ರಾಂ ಬಲದಿಂದ ಒತ್ತಿದಾಗ 11 ಕಡೆಯಾದರೂ ನೋಯಬೇಕು, ಮೂರು ತಿಂಗಳಿಂದ ಮೈಯೆಲ್ಲ ನೋವಿರಬೇಕು. 2002ರಲ್ಲಿ ರಿಚರ್ಡ್ ಗ್ರೇಸ್‌ಲಿ ಮತ್ತು ಸಂಗಡಿಗರು 16 ರೋಗಿಗಳ ಹೆಬ್ಬೆರಳ ಉಗುರನ್ನು ಒತ್ತಿ, ಮಿದುಳಿನ ಚಿತ್ರ ತೆಗೆದು, ಆರೋಗ್ಯವಂತರ ಚಿತ್ರಗಳೊಡನೆ ಹೋಲಿಸಿದರು. ಇತರರಿಗೆ ಬಹಳ ಒತ್ತಿದರೆ ಮಾತ್ರ ಎಚ್ಚರಗೊಳ್ಳುತ್ತಿದ್ದ ನೋವಿನ ಕೇಂದ್ರಗಳು ಇವರಲ್ಲಿ ಅದಕ್ಕಿಂತ ಕಡಮೆ ಒತ್ತಡಕ್ಕೇ ಎಚ್ಚರಗೊಂಡವು. ದೋಷ ಸ್ನಾಯುವಿನಲ್ಲಿ ಅಲ್ಲ, ನೋವಿನ ಸುದ್ದಿಯನ್ನು ಒಯ್ಯುವ ಮತ್ತು ಓದುವ ವ್ಯವಸ್ಥೆಯಲ್ಲಿ ಎಂಬುದು ಈಗ ಬಹುಮಂದಿ ಒಪ್ಪುವ ವಿವರಣೆ. ರೇಡಿಯೋವಿನ ಕಿವಿ ಹಿಂಡಿದಂತೆ, ಪಿಸುಮಾತೂ ಕೂಗಾಗಿ ಕೇಳುತ್ತದೆ. 2021ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜು ಮೊದಲಾದ ಕಡೆಯ ಸಂಶೋಧಕರು ರೋಗಿಗಳ ರಕ್ತದ ಪ್ರತಿಕಾಯಗಳನ್ನು ಇಲಿಗಳಿಗೆ ಕೊಟ್ಟಾಗ, ಅವೂ ಒತ್ತಡಕ್ಕೂ ಚಳಿಗೂ ಹೆಚ್ಚು ನೊಂದವು. ವಿಚಾರಣೆ ಇನ್ನೂ ಮುಗಿದಿಲ್ಲ.

ಈ ನಡುವೆ 2010ರಲ್ಲಿ ಅದೇ ಅಮೆರಿಕದ ಸಂಸ್ಥೆ, ಒತ್ತಿ ನೋಡುವ ಪದ್ಧತಿಯನ್ನು ಬಿಟ್ಟ ಹೊಸ ಅಳತೆಗೋಲನ್ನು ತಂದಿತು. ಎಲ್ಲೆಲ್ಲಿ ನೋವು, ನಿದ್ದೆ ಹೇಗೆ, ದಣಿವು ಎಷ್ಟು, ಮರೆವು ಉಂಟೋ ಎಂದು ರೋಗಿಯನ್ನು ಕೇಳಿ ತಿಳಿಯುವುದೇ ಈಗಿನ ಕ್ರಮ. ವೈದ್ಯರ ಹೆಬ್ಬೆರಳಿನಿಂದ ರೋಗಿಯ ಬಾಯಿಗೆ ಬಂದಂತಾಯಿತು. ಫೈಬ್ರೋಮಯಾಲ್ಜಿಯ ಎಂಬ ಹೆಸರಿನಲ್ಲಿ ಮೂರು ತುಂಡುಗಳಿವೆಯಷ್ಟೆ. ನಾರಿನ ತಪ್ಪಿಲ್ಲ, ಸ್ನಾಯುವಿನ ತಪ್ಪೂ ಅಲ್ಲವೆನ್ನುತ್ತಾರೆ. ಗಟ್ಟಿಯಾಗಿ ಉಳಿದುದು ಕೊನೆಯ ತುಂಡು, ‘ನೋವು’. ಅದೊಂದೇ ಮೊದಲಿನಿಂದಲೂ ರೋಗಿ ಹೇಳುತ್ತಿದ್ದ ಮಾತು.

ಪರಿಹಾರದ ಚರಿತ್ರೆಯೂ ಇದಕ್ಕೆ ಹೊಂದಿಕೊಂಡೇ ಇದೆ. ಮಾತ್ರೆಗಳುಂಟು. ಮಲಗುವ ಮುನ್ನ ಅಲ್ಪ ಪ್ರಮಾಣದ ಅಮಿಟ್ರಿಪ್ಟಿಲಿನ್ ಕೆಲವರಿಗೆ ನೆರವಾಗುತ್ತದೆಂದು 1986ರ ಪರೀಕ್ಷೆಗಳು ತೋರಿಸಿದವು. 2007ರಲ್ಲಿ ಅಮೆರಿಕ ಸರ್ಕಾರ ಈ ರೋಗಕ್ಕೆಂದೇ ಪ್ರಿಗಾಬಲಿನ್ ಎಂಬ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಇವು ಕೆಲವರಿಗೆ ಒಗ್ಗುತ್ತವೆ, ಕೆಲವರಿಗೆ ಒಗ್ಗುವುದಿಲ್ಲ. 1988ರಲ್ಲಿ ಕೆನಡದಲ್ಲಿ 42 ರೋಗಿಗಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಉಸಿರು ಏರುವಂತಹ ವ್ಯಾಯಾಮವನ್ನೂ ಇನ್ನೊಂದಕ್ಕೆ ಮೈ ಸಡಿಲಿಸುವ ವ್ಯಾಯಾಮವನ್ನಷ್ಟೇ 20 ವಾರ ಮಾಡಿಸಿದರು. ಮೊದಲ ಪಂಗಡಕ್ಕೆ ಹೆಚ್ಚು ಗುಣ ಕಂಡಿತು. 2016ರಲ್ಲಿ ಯೂರೋಪಿನ ಸಂಧಿವಾತ ತಜ್ಞರು ಎಲ್ಲ ಚಿಕಿತ್ಸೆಗಳನ್ನೂ ತೂಗಿ ನೋಡಿ, ಬಲವಾಗಿ ಶಿಫಾರಸು ಮಾಡಿದುದು ವ್ಯಾಯಾಮವೊಂದನ್ನೇ. ನೋಯುವ ಮೈಯನ್ನು ಅಲುಗಿಸದೆ ಇಡಬೇಕೆಂಬ ಸಹಜವಾದ ಆಸೆಗೆ ಇದು ನೇರ ವಿರೋಧ.

ಮೇ 12ನ್ನು ಈ ರೋಗದ ಜಾಗೃತಿಯ ದಿನವಾಗಿ ಆಚರಿಸುತ್ತಾರೆ. ಅದು 1820ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿದ ದಿನ. ಕ್ರಿಮಿಯಾದ ಯುದ್ಧಭೂಮಿಯಲ್ಲಿ 1855ರಲ್ಲಿ ಜ್ವರ ಹಿಡಿದ ಆಕೆ ಆಮೇಲೆ ಅನೇಕ ವರ್ಷ ನೋವಿನಿಂದಲೂ ದಣಿವಿನಿಂದಲೂ ಹಾಸಿಗೆ ಹಿಡಿದರು. ಆಕೆಯದು ಬ್ರುಸೆಲೋಸಿಸ್ ಎಂಬ ಸೋಂಕಾಗಿದ್ದಿರಬೇಕೆಂಬ ವಾದವೇ ಇಂದು ಬಲವಾಗಿದೆ. ರೋಗ ಯಾವುದೇ ಇರಲಿ, ಆಕೆಯ ಬದುಕಿನ ಕ್ರಮ ಗಮನಿಸತಕ್ಕದ್ದು. ಜನರ ಭೇಟಿಯನ್ನು ಮಿತಗೊಳಿಸಿ, ಕೋಣೆಯಲ್ಲಿದ್ದುಕೊಂಡೇ ಶುಶ್ರೂಷೆಯ ಪುಸ್ತಕ ಬರೆದರು. ಭಾರತದಲ್ಲಿದ್ದ ಸೈನ್ಯದ ಆರೋಗ್ಯಸ್ಥಿತಿಯನ್ನು ಕುರಿತ ರಾಯಲ್ ಆಯೋಗದ 1863ರ ವರದಿಗಾಗಿ ನಮ್ಮ ನೀರು, ಚರಂಡಿಗಳ ಲೆಕ್ಕವನ್ನು ಕೂಡಿಸಿದರು. ಭಾರತವನ್ನು ಆಕೆ ಕಣ್ಣಾರೆ ಕಂಡದ್ದೇ ಇಲ್ಲ. ಇರುವ ಶಕ್ತಿಯನ್ನು ಎಣಿಸಿ ಖರ್ಚು ಮಾಡಿದವರು ತೊಂಬತ್ತು ವರ್ಷ ಬಾಳಿದರು.

ಈ ಎಣಿಕೆಯೇ ನನ್ನಂಥವರ ನಿತ್ಯದ ಗಣಿತ. ನಮಗೆ ಕೆಟ್ಟ ದಿನಕ್ಕಿಂತ ಒಳ್ಳೆಯ ದಿನವೇ ಹೆಚ್ಚು ಅಪಾಯಕರ. ನೋವು ಕಡಮೆಯೆಂದು ಬಾಕಿಯ ಕೆಲಸವನ್ನೆಲ್ಲ ಅಂದೇ ಮುಗಿಸಿದರೆ ಮುಂದಿನ ಮೂರು ದಿನ ಅದಕ್ಕೆ ಬಡ್ಡಿ ತೆರಬೇಕು. ಆದುದರಿಂದ ಉತ್ತರಪತ್ರಿಕೆಗಳನ್ನು ನಾನು ಹತ್ತು ಹತ್ತರ ಕಟ್ಟು ಮಾಡಿಕೊಳ್ಳುತ್ತೇನೆ. ಒಂದು ಕಟ್ಟು ಮುಗಿದರೆ ಎದ್ದು ಅಂಗಳದಲ್ಲಿ ನಾಲ್ಕು ಸುತ್ತು. ಸಂಜೆಯ ನಡಿಗೆ ಹತ್ತು ನಿಮಿಷದಿಂದ ಮೊದಲಾಗಿ, ಹದಿನೈದು ದಿನಕ್ಕೆ ಐದೈದೇ ನಿಮಿಷ ಏರಿ, ಈಗ ನಲವತ್ತಕ್ಕೆ ನಿಂತಿದೆ. ಮಧ್ಯಾಹ್ನದ ಮೇಲೆ ಕಾಫಿಯಿಲ್ಲ. ಮಲಗುವ ಹೊತ್ತು, ಏಳುವ ಹೊತ್ತು ರಜೆಯ ದಿನವೂ ಒಂದೇ. ಬೆಳಗಿನ ಬಿಸಿನೀರು ಭುಜವನ್ನು ಕರಿಹಲಗೆಯ ಎತ್ತರಕ್ಕೆ ಏಳಿಸುತ್ತದೆ. ಇವುಗಳಿಂದ ನೋವು ಹೋಗಿಲ್ಲ. ನನ್ನ ದಿನವನ್ನು ಆಳುವ ಅಧಿಕಾರ ಮಾತ್ರ ಅದರ ಕೈಯಿಂದ ಜಾರಿದೆ.

ಇಷ್ಟೆಲ್ಲಕ್ಕೂ ಮೊದಲು ಬೇಕಾದದ್ದು ಒಂದಿದೆ. ಅದನ್ನು ಔಷಧದ ಅಂಗಡಿಯಲ್ಲಿ ಮಾರುವುದಿಲ್ಲ. ವೈದ್ಯರ ಲೆಕ್ಕದಲ್ಲಿ ಈ ರೋಗ ಹೆಂಗಸರಲ್ಲಿಯೇ ಹೆಚ್ಚು. ನಮ್ಮ ಮನೆಗಳಲ್ಲಿ ಒಲೆಯ ಮುಂದೆ ನಿಂತು “ಮೈಯೆಲ್ಲ ನೋವು” ಎಂದ ಎಷ್ಟೋ ತಾಯಂದಿರಿಗೆ, ಅತ್ತಿಗೆ ನಾದಿನಿಯರಿಗೆ, “ನೋಡೋಕೆ ಚೆನ್ನಾಗೇ ಇದ್ದೀಯಲ್ಲ” ಎಂಬ ಉತ್ತರವೇ ಸಿಕ್ಕಿರಬೇಕು. ವೈದ್ಯಶಾಸ್ತ್ರ ಒಂದು ಪ್ರತ್ಯಯವನ್ನು ತಿದ್ದಿಕೊಳ್ಳಲು 72 ವರ್ಷ ತೆಗೆದುಕೊಂಡಿತು. ಮನೆಯವರಿಗೆ ಅಷ್ಟು ಕಾಲ ಬೇಡ. ಮುಂದಿನ ಸಲ ಆ ಮಾತು ಕಿವಿಗೆ ಬಿದ್ದಾಗ, “ಎಲ್ಲಿ, ಹೇಗೆ ನೋಯುತ್ತದೆ?” ಎಂದು ಕೇಳಿ, ಉತ್ತರ ಮುಗಿಯುವ ತನಕ ಕುಳಿತಿದ್ದರೆ ಸಾಕು.