ಲೋಬಾನದಿಂದ ಷಟ್ಕೋನದವರೆಗೆ



ಗುರುವಾರ ಸಂಜೆ ಅನೇಕ ಮನೆಗಳಲ್ಲಿ ಕೆಂಡದ ಮೇಲೆ ಹಾಕುವ ಲೋಬಾನವನ್ನು ನೀವೆಲ್ಲ ಬಲ್ಲಿರಿ. ಆಗ್ನೇಯ ಏಷ್ಯಾದಿಂದ ಬರುತ್ತಿದ್ದ ಒಂದು ಮರದ ಅಂಟನ್ನು ಅರಬರು 'ಲುಬಾನ್ ಜಾವಿ', ಅಂದರೆ ಜಾವಾದ ಧೂಪ ಎಂದು ಕರೆದರು. ಯುರೋಪಿನವರ ಬಾಯಲ್ಲಿ ಆ ಹೆಸರು ಸವೆದು 'ಬೆಂಜಾಯಿನ್' ಆಯಿತು. ಆ ಅಂಟಿನಿಂದ ದೊರೆತ ಆಮ್ಲ ಬೆಂಜೋಯಿಕ್ ಆಮ್ಲ. ಆ ಆಮ್ಲದ ಹೆಸರಿನಿಂದಲೇ ಬೆಂಜೀನ್ ಎಂಬ ಹೆಸರು ಹುಟ್ಟಿತು. ಪಿಯುಸಿ ಪುಸ್ತಕದಲ್ಲಿ ನಮ್ಮನ್ನು ಹೆದರಿಸುವ ಆ ಷಟ್ಕೋನದ ಹೆಸರಿನಲ್ಲಿ ಒಂದು ಅರಬ್ಬಿ ಪದ ಅಡಗಿದೆ!

1825ರಲ್ಲಿ ಲಂಡನ್ನಿನ ಮೈಕೆಲ್ ಫ್ಯಾರಡೆ, ದೀಪ ಉರಿಸಲು ಎಣ್ಣೆಯಿಂದ ತಯಾರಿಸಿದ ಅನಿಲವನ್ನು ಒತ್ತಿ ತುಂಬಿದಾಗ ಉಳಿಯುತ್ತಿದ್ದ ಜಿಡ್ಡು ದ್ರವದಿಂದ ಇದನ್ನು ಮೊದಲ ಬಾರಿಗೆ ಬೇರ್ಪಡಿಸಿದರು. 1830ರ ದಶಕದಲ್ಲಿ ಜರ್ಮನಿಯ ಮಿಚರ್ಲಿಕ್ ಬೆಂಜೋಯಿಕ್ ಆಮ್ಲವನ್ನು ಸುಣ್ಣದೊಂದಿಗೆ ಕಾಯಿಸಿ ಅದೇ ದ್ರವವನ್ನು ಪಡೆದರು. ಅದರ ಅಣುವಿನಲ್ಲಿ ಆರು ಇಂಗಾಲ, ಆರು ಜಲಜನಕ.

ಇಲ್ಲಿಯೇ ಒಗಟು ಹುಟ್ಟಿತು. ಒಂದು ಇಂಗಾಲಕ್ಕೆ ನಾಲ್ಕು ಕೈಗಳೆಂದು 1858ರಲ್ಲಿ ಕೆಕುಲೆ ಮತ್ತು ಕೂಪರ್ ತಿಳಿಸಿದ್ದರು. ಆರು ಇಂಗಾಲಗಳ ಸರಪಳಿಗೆ ಹದಿನಾಲ್ಕು ಜಲಜನಕ ಬೇಕು. ಇರುವುದು ಆರೇ ಎಂದರೆ ಬೆಂಜೀನ್ ಸಿಕ್ಕಿದ್ದನ್ನೆಲ್ಲ ಹಿಡಿದು ಸೇರಿಸಿಕೊಳ್ಳಬೇಕಿತ್ತು. ಆದರೆ ಅದು ಹಾಗೆ ಮಾಡದು. ಬ್ರೋಮಿನ್ ಕೊಟ್ಟರೂ, ಕಬ್ಬಿಣದಂತಹ ವೇಗವರ್ಧಕದ ನೆರವಿದ್ದರೆ ಮಾತ್ರ ಒಂದು ಜಲಜನಕವನ್ನು ಬಿಟ್ಟು ಆ ಸ್ಥಾನಕ್ಕೆ ಬ್ರೋಮಿನನ್ನು ಕೂರಿಸಿಕೊಳ್ಳುತ್ತದೆ. ಯಾವ ಜಲಜನಕ ಹೋದರೂ ದೊರೆಯುವ ವಸ್ತು ಒಂದೇ. ಅಂದರೆ ಆರೂ ಸ್ಥಾನಗಳು ಸಮಾನ.

1861ರಲ್ಲಿ ವಿಯೆನ್ನಾದ ಶಾಲಾ ಶಿಕ್ಷಕ ಜೋಸೆಫ್ ಲೋಷ್ಮಿಟ್ ಒಂದು ಚಿಕ್ಕ ಪುಸ್ತಕದಲ್ಲಿ ಬೆಂಜೀನನ್ನು ದೊಡ್ಡ ವೃತ್ತವಾಗಿ ಬರೆದು, ಒಳರಚನೆ ಇನ್ನೂ ತೀರ್ಮಾನವಾಗಿಲ್ಲ ಎಂದರು. 1865ರಲ್ಲಿ ಕೆಕುಲೆ, ಇಂಗಾಲಗಳು ಉಂಗುರವಾಗಿ ಕೈ ಹಿಡಿದಿವೆ ಎಂದು ಸಾರಿದರು. ಮುಂದೆ ಅದು ಒಂಟಿ ಬಂಧ, ಜೋಡಿ ಬಂಧ ಒಂದಾದ ಮೇಲೊಂದು ಬರುವ ಷಟ್ಕೋನವಾಯಿತು. ಬಾಲ ಕಚ್ಚಿದ ಹಾವಿನ ಕನಸಿನ ಕಥೆಯನ್ನು ಅವರು ಹೇಳಿದ್ದು 25 ವರ್ಷಗಳ ನಂತರ, 1890ರ ಬರ್ಲಿನ್ ಸಮಾರಂಭದಲ್ಲಿ. ಕನಸು ಕಾಣಿರಿ, ಆದರೆ ಎಚ್ಚೆತ್ತ ಬುದ್ಧಿಯಿಂದ ಪರೀಕ್ಷಿಸದೆ ಪ್ರಕಟಿಸಬೇಡಿ ಎಂಬ ಅರ್ಥದ ಮಾತನ್ನೂ ಅಂದೇ ಹೇಳಿದರು. ನಾವು ಹಾವನ್ನು ನೆನಪಿಟ್ಟುಕೊಂಡೆವು, ಈ ಮಾತನ್ನು ಮರೆತೆವು.

ಪರೀಕ್ಷೆಯೂ ನಡೆಯಿತು. 1869ರಲ್ಲಿ ಲಾಡೆನ್‌ಬರ್ಗ್ ಕೇಳಿದರು: ಅಕ್ಕಪಕ್ಕದ ಎರಡು ಇಂಗಾಲಗಳ ಮೇಲೆ ಎರಡು ಬ್ರೋಮಿನ್ ಕೂತರೆ, ನಡುವೆ ಒಂಟಿ ಬಂಧವಿರುವುದೊಂದು, ಜೋಡಿ ಬಂಧವಿರುವುದೊಂದು, ಹೀಗೆ ಎರಡು ವಸ್ತುಗಳು ಸಿಗಬೇಕಲ್ಲವೇ? ಸಿಕ್ಕಿದ್ದು ಒಂದೇ. 1872ರಲ್ಲಿ ಕೆಕುಲೆ, ಬಂಧಗಳು ನಿರಂತರ ಸ್ಥಾನ ಬದಲಿಸುತ್ತವೆ ಎಂದು ಉತ್ತರಿಸಿದರು. ಪೂರ್ಣ ಉತ್ತರ ಬಂದದ್ದು 1930ರ ದಶಕದಲ್ಲಿ, ಹ್ಯೂಕೆಲ್ ಮತ್ತು ಪೌಲಿಂಗರಿಂದ: ಆರು ಎಲೆಕ್ಟ್ರಾನುಗಳು ಯಾವ ಒಂದು ಬಂಧಕ್ಕೂ ಸೇರದೆ ಇಡೀ ಉಂಗುರಕ್ಕೆ ಸೇರಿವೆ. ಒಂಟಿ ಬಂಧದ ಉದ್ದ 0.154 ನ್ಯಾನೋಮೀಟರ್, ಜೋಡಿ ಬಂಧದ್ದು 0.134. ಬೆಂಜೀನಿನ ಆರೂ ಬಂಧಗಳು ಸುಮಾರು 0.139.

ಈ ಷಟ್ಕೋನವನ್ನು ಎಕ್ಸ್-ಕಿರಣದಿಂದ ಸಾಬೀತುಪಡಿಸಿದವರು ಒಬ್ಬ ಮಹಿಳೆ. ಹತ್ತು ಮಕ್ಕಳ ಕುಟುಂಬದ ಕೊನೆಯ ಮಗಳು ಕ್ಯಾಥ್ಲೀನ್ ಲಾನ್ಸ್‌ಡೇಲ್. 1929ರಲ್ಲಿ ಲೀಡ್ಸ್‌ನಲ್ಲಿ ಬೆಂಜೀನಿನ ಸಂಬಂಧಿ ಹೆಕ್ಸಾಮಿಥೈಲ್ ಬೆಂಜೀನಿನ ಹರಳನ್ನು ಪರೀಕ್ಷಿಸಿ, ಉಂಗುರ ಚಪ್ಪಟೆಯಾದ ಸಮ ಷಟ್ಕೋನವೆಂದು ತೋರಿಸಿದರು. 1945ರಲ್ಲಿ ರಾಯಲ್ ಸೊಸೈಟಿಗೆ ಆಯ್ಕೆಯಾದ ಮೊದಲ ಇಬ್ಬರು ಮಹಿಳೆಯರಲ್ಲಿ ಅವರೊಬ್ಬರು.

ವಿದ್ಯಾರ್ಥಿಗಳೇ, ಫ್ಯಾರಡೆಯಿಂದ ಲಾನ್ಸ್‌ಡೇಲರವರೆಗೆ 104 ವರ್ಷಗಳು. ಇದರಲ್ಲಿ ಶಾಲಾ ಶಿಕ್ಷಕರಿದ್ದಾರೆ, ಬಡ ಕಮ್ಮಾರನ ಮಗ ಫ್ಯಾರಡೆ ಇದ್ದಾರೆ, ಗೃಹಿಣಿಯೂ ಆಗಿದ್ದ ವಿಜ್ಞಾನಿ ಇದ್ದಾರೆ. ತಪ್ಪು ಹುಡುಕಿದ ಲಾಡೆನ್‌ಬರ್ಗರಿಗೂ ಇದರಲ್ಲಿ ಪಾಲಿದೆ. ಆದ್ದರಿಂದ ತರಗತಿಯಲ್ಲಿ ಪ್ರಶ್ನೆ ಕೇಳಲು ನಾಚಬೇಡಿ. ನಮ್ಮ ಹೆಣ್ಣುಮಕ್ಕಳ ಓದನ್ನು ಎಸ್ಸೆಸ್ಸೆಲ್ಸಿಗೇ ನಿಲ್ಲಿಸಬೇಡಿ ಎಂದು ಪಾಲಕರಲ್ಲಿ ನನ್ನ ವಿನಂತಿ. ಅಲ್ಲಾಹನು ನಮ್ಮೆಲ್ಲರ ಜ್ಞಾನವನ್ನು ಹೆಚ್ಚಿಸಲಿ, ಆಮೀನ್.