ಬ್ಲ್ಯಾಕ್–ಶೋಲ್ಸ್ ಮಾದರಿ
ಷೇರನ್ನು ನಿಗದಿತ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕು ನೀಡುವ ಆಪ್ಷನ್ ಕರಾರಿನ ಬೆಲೆಯನ್ನು ಲೆಕ್ಕಹಾಕುವ ಗಣಿತ ಮಾದರಿ. ಫಿಶರ್ ಬ್ಲ್ಯಾಕ್ ಮತ್ತು ಮೈರನ್ ಶೋಲ್ಸ್ 1973ರಲ್ಲಿ ಪ್ರಕಟಿಸಿದರು. ರಾಬರ್ಟ್ ಮರ್ಟನ್ ಅದೇ ವರ್ಷ ಅದನ್ನು ವಿಸ್ತರಿಸಿದರು. ಷೇರಿನ ಈಗಿನ ಬೆಲೆ, ಕರಾರಿನಲ್ಲಿ ನಿಗದಿಯಾದ ಬೆಲೆ, ಉಳಿದ ಅವಧಿ, ಅಪಾಯರಹಿತ ಬಡ್ಡಿದರ, ಏರಿಳಿತದ ಪ್ರಮಾಣ ಇದರ ಆಧಾರಾಂಶಗಳು. ಮೊದಲ ನಾಲ್ಕು ನೇರವಾಗಿ ಸಿಗುತ್ತವೆ. ಐದನೆಯದನ್ನು ಅಂದಾಜಿಸಬೇಕು, ತೊಡಕೆಲ್ಲ ಅಲ್ಲೇ. ಷೇರು ಏರೀತೆಂಬ ನಿರೀಕ್ಷೆಗೆ ಸೂತ್ರದಲ್ಲಿ ಸ್ಥಾನವಿಲ್ಲ: ಕಾಲ್ ಆಪ್ಷನ್ (ಕೊಳ್ಳುವ ಹಕ್ಕು) ಮಾರಿದವನು ಬೆಲೆ ಏರಿದಂತೆ ಷೇರನ್ನು ಹೆಚ್ಚು ಕೊಳ್ಳುತ್ತ, ಇಳಿದಂತೆ ಮಾರುತ್ತ ಹೋದರೆ ಅಪಾಯ ನೀಗುತ್ತದೆಂಬುದು ಇದರ ತರ್ಕ. ಏರಿಳಿತ ಸ್ಥಿರವೆಂಬ ಗ್ರಹಿಕೆ ವಾಸ್ತವಕ್ಕೆ ದೂರ; 1987ರ ಅಕ್ಟೋಬರ್‌ನ ಷೇರು ಮಾರುಕಟ್ಟೆ ಕುಸಿತದ ಬಳಿಕ ಕರಾರಿನಲ್ಲಿ ನಿಗದಿಯಾದ ಬೆಲೆ ಬದಲಾದಂತೆ ಮಾರುಕಟ್ಟೆ ಸೂಚಿಸುವ ಏರಿಳಿತವೂ ಬೇರೆಬೇರೆಯಾಯಿತು. ಶೋಲ್ಸ್, ಮರ್ಟನ್‌ರಿಗೆ 1997ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಸಂದಿತು. ಬ್ಲ್ಯಾಕ್ 1995ರಲ್ಲೇ ನಿಧನರಾಗಿದ್ದರು.